ಹಿಂಗಾಲಿನ ಗಾಯ ಹಿಗ್ಗುತ್ತಿದೆ, ಕೆಂಪು ಮಾಂಸ ಉಬ್ಬಿದೆ: ಕಲೆ ಉಳಿಯದಂತೆ ಮಾಡಬಹುದೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ರೈತ. ಮದುವೆ ಮೆರವಣಿಗೆಗೂ ಜಾತ್ರೆಗೂ ಕಳಿಸಲೆಂದು ಐದು ವರ್ಷದ ಹೆಣ್ಣು ಕುದುರೆ ಸಾಕಿದ್ದೇವೆ. ಮೈ ಕಂದು, ನಾಲ್ಕು ಕಾಲು ಮತ್ತು ಹಣೆ ಬಿಳಿ. ಪಂಚಕಲ್ಯಾಣಿ ಎಂದೇ ಜನ ಕೇಳಿಕೊಂಡು ಬರುತ್ತಾರೆ. ನಾಗರ ಪಂಚಮಿಯ ಹಿಂದಿನ ದಿನ ಅದು ಪಕ್ಕದ ಹೊಲದ ಮುಳ್ಳುತಂತಿಗೆ ಸಿಕ್ಕಿ, ಎಡ ಹಿಂಗಾಲಿನ ಮುಂಭಾಗದಲ್ಲಿ, ಹಾಕ್ ಕೀಲಿನಿಂದ (ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿರುವ ಕೀಲು) ಸ್ವಲ್ಪ ಕೆಳಗೆ, ಬಿಳಿ ಭಾಗದಲ್ಲೇ ಚರ್ಮ ಹರಿದುಕೊಂಡಿತು. ಮರುದಿನ ಡಾಕ್ಟರರು ಹೊಲಿಗೆ ಹಾಕಿದರು. ಆರನೆಯ ದಿನ ಹೊಲಿಗೆ ಬಿಟ್ಟುಕೊಂಡಿತು. ಈಗ ಎರಡು ವಾರ ದಾಟಿದೆ. ಮೊದಲು ಮೂರು ಬೆರಳಗಲ ಇದ್ದ ಗಾಯ ನಾಲ್ಕು ಬೆರಳಾಗಿದೆ. ನಡುವೆ ಕೆಂಪು ಮಾಂಸ ಉಬ್ಬಿ ಬಂದಿದೆ, ಮುಟ್ಟಿದರೆ ರಕ್ತ ಬರುತ್ತದೆ. ಕುಂಟುವುದಿಲ್ಲ, ಮೇವು ತಿನ್ನುತ್ತದೆ. ಮೈಲುತುತ್ತ ಮತ್ತು ಸುಣ್ಣ ಹಚ್ಚಿ ಮಾಂಸ ಸುಡಿ ಎಂದು ಹಿರಿಯರು ಹೇಳುತ್ತಾರೆ. ಒಬ್ಬರು ಅರಿಶಿನ, ಇನ್ನೊಬ್ಬರು ಟ್ರ್ಯಾಕ್ಟರಿನ ಹಳೆಯ ಆಯಿಲ್, ಮೊಬೈಲ್ ವಿಡಿಯೋದಲ್ಲಿ ಜೇನುತುಪ್ಪ. ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಕುರುಬರ ತಟ್ಟುವಿಗೆ (ಸಣ್ಣ ಜಾತಿಯ ಕುದುರೆ) ಹೋದ ವರ್ಷ ಹೀಗೇ ಆಗಿತ್ತು, ಬರೀ ಬೂದಿ ಹಚ್ಚಿದರು, ತಿಂಗಳಲ್ಲಿ ಮಾಯಿತು. ನಮ್ಮದು ಏಕೆ ಹೀಗೆ? ತುಳಸಿ ಲಗ್ನದ ನಂತರ ಮದುವೆಗಳು ಶುರುವಾಗುತ್ತವೆ. ಅಷ್ಟರಲ್ಲಿ ಮಾಯುವುದೇ? ಕಲೆ ಉಳಿದರೆ ಬೆಲೆ ಬಿದ್ದುಹೋಗುತ್ತದೆ ಎಂದು ತಂದೆಯವರಿಗೆ ಚಿಂತೆ.

ಉತ್ತರ: ಕಲೆಯೇ ಉಳಿಯದಂತೆ ಮಾಡುವುದು ಸಾಧ್ಯವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಕಲೆ ಅಳಿಸುತ್ತೇವೆಂದು ಹಣ ಕೇಳುವವರು ನಿಮ್ಮ ಬಾಗಿಲಿಗೆ ಬರುತ್ತಾರೆ. ಚರ್ಮ ಪೂರ್ತಿ ದಪ್ಪಕ್ಕೆ ಹರಿದುಹೋದ ಜಾಗದಲ್ಲಿ ಕೂದಲಿನ ಬುಡಗಳೂ ಬೆವರಿನ ಗ್ರಂಥಿಗಳೂ ಹೋಗಿರುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ. ಆದರೆ ಗಂಟುಗಂಟಾಗಿ ಉಬ್ಬಿದ ನಾಲ್ಕು ಬೆರಳಿನ ಬೋಳು ಜಾಗ ಉಳಿಯುವುದಕ್ಕೂ, ಸುತ್ತಲಿನ ಕೂದಲು ಅರ್ಧ ಮುಚ್ಚಿಬಿಡುವ ಸಪಾಟಾದ ಕಿರಿದು ಪಟ್ಟಿ ಉಳಿಯುವುದಕ್ಕೂ ಬಹಳ ಅಂತರವಿದೆ. ಎರಡರಲ್ಲಿ ಯಾವುದು ಸಿಗುತ್ತದೆ ಎನ್ನುವುದು ಆ ಕೆಂಪು ಮಾಂಸವನ್ನು ನೀವು ಮುಂದಿನ ಕೆಲವು ವಾರ ಚರ್ಮದ ಮಟ್ಟದಲ್ಲಿ ಇಟ್ಟುಕೊಳ್ಳುತ್ತೀರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಗಾಯ ಮಾಯ್ದ ಮೇಲೆ ಹಚ್ಚುವ ಎಣ್ಣೆ, ಮುಲಾಮುಗಳ ಪಾಲು ಇದರಲ್ಲಿ ತೀರಾ ಸಣ್ಣದು.

ಕಲೆಯ ವಿಚಾರಕ್ಕೆ ಹೋಗುವ ಮೊದಲು ಕಾಲಿನ ಬಗ್ಗೆ, ಜೀವದ ಬಗ್ಗೆ ಎರಡು ಮಾತು. ನಿಮ್ಮ ಪತ್ರದಲ್ಲಿ ಧನುರ್ವಾಯು ಚುಚ್ಚುಮದ್ದಿನ ಪ್ರಸ್ತಾಪವೇ ಇಲ್ಲ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಪ್ರಾಣಿ ಇನ್ನೊಂದಿಲ್ಲ. ಅದರ ರೋಗಾಣು ಮಣ್ಣಿನಲ್ಲಿಯೂ ಕುದುರೆಯ ಲದ್ದಿಯಲ್ಲಿಯೂ ಇರುತ್ತದೆ, ಮತ್ತು ಲಕ್ಷಣಗಳು ಸಾಮಾನ್ಯವಾಗಿ ಗಾಯವಾದ ಒಂದರಿಂದ ಮೂರು ವಾರಗಳ ನಡುವೆ ತೋರುತ್ತವೆ. ಅಂದರೆ ನೀವು ಈಗ ಆ ಅವಧಿಯೊಳಗೇ ಇದ್ದೀರಿ. ಹೊಲಿಗೆ ಹಾಕಿದ ದಿನ ಚುಚ್ಚುಮದ್ದು ಕೊಟ್ಟಿದ್ದಾರೆಯೇ ಎಂದು ಇವತ್ತೇ ಕೇಳಿ. ಕೊಟ್ಟಿರದಿದ್ದರೆ, ಹಿಂದೆ ಎಂದೂ ಲಸಿಕೆ ಆಗಿರದಿದ್ದರೆ, ವಿಷನಿರೋಧಕ ಸೀರಂ ಮತ್ತು ಲಸಿಕೆ ಎರಡನ್ನೂ ಬೇರೆ ಬೇರೆ ಜಾಗಕ್ಕೆ ಚುಚ್ಚಬೇಕಾಗುತ್ತದೆ. ನಡಿಗೆ ಬಿಗಿಯಾಗುವುದು, ಬಾಲ ಎತ್ತಿ ನಿಲ್ಲುವುದು, ಕಣ್ಣಿನ ಒಳಮೂಲೆಯ ಪೊರೆ ಅಡ್ಡ ಬರುವುದು, ಮೇವು ಬಾಯಲ್ಲೇ ನಿಲ್ಲುವುದು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ಲಕ್ಷಣ ಶುರುವಾದ ಮೇಲೆ ಉಳಿಯುವ ಕುದುರೆಗಳು ಕಡಿಮೆ.

ಇನ್ನೊಂದು ಕುಂಟುವಿಕೆ. ನಿಮ್ಮದು ಕುಂಟುತ್ತಿಲ್ಲ ಎನ್ನುವುದು ಸಮಾಧಾನದ ಸಂಗತಿ. ಕಾಲಿನ ಗಾಯ ಎಷ್ಟೇ ಭೀಕರವಾಗಿ ಕಂಡರೂ, ಚರ್ಮ ಮಾತ್ರ ಹರಿದಿದ್ದರೆ ಕೆಲವು ದಿನಗಳಲ್ಲಿ ಕುದುರೆ ಕಾಲೂರಿ ನಿಲ್ಲುತ್ತದೆ. ಗಾಯ ಚಿಕ್ಕದಾಗಿದ್ದು ಕುದುರೆ ಕಾಲೂರದಿದ್ದರೆ ಕೀಲಿನೊಳಗೆ ಅಥವಾ ಸ್ನಾಯುರಜ್ಜುವಿನ (ಸ್ನಾಯುವನ್ನು ಎಲುಬಿಗೆ ಬಿಗಿಯುವ ಗಟ್ಟಿ ದಾರ) ಪೊರೆಯೊಳಗೆ ಸೋಂಕು ಇಳಿದಿರಬಹುದು. ಅದು ಗಂಟೆಗಳ ಲೆಕ್ಕದ ತುರ್ತು. ಮುಂದೆ ಯಾವಾಗಲಾದರೂ ಕುಂಟಲು ಶುರುಮಾಡಿದರೆ ಕಲೆಯ ಮಾತು ಬದಿಗಿಟ್ಟು ಮೊದಲು ಎಕ್ಸ್‌ರೇ ಮಾಡಿಸಿ.

ಈಗ ಹೊಲಿಗೆ ಬಿಟ್ಟದ್ದರ ಬಗ್ಗೆ. ನೀವು ಬರೆದಿಲ್ಲ, ಆದರೆ ಡಾಕ್ಟರರು ಸರಿಯಾಗಿ ಹಾಕಲಿಲ್ಲ ಎಂಬ ಅನುಮಾನ ಮನೆಯಲ್ಲಿ ಇದ್ದೇ ಇರುತ್ತದೆ. ಹಿಂಗಾಲಿನ ಮುಂಭಾಗದಲ್ಲಿ ಹೊಲಿಗೆ ಬಿಡುವುದು ಸಾಮಾನ್ಯ ಸಂಗತಿ. ಅಲ್ಲಿ ಎಲುಬಿನ ಮೇಲೆ ನೇರವಾಗಿ ಚರ್ಮ ಕೂತಿರುತ್ತದೆ, ಎಳೆದು ಜೋಡಿಸಲು ಸಡಿಲ ಚರ್ಮ ಇರುವುದಿಲ್ಲ. ಪ್ರತಿ ಹೆಜ್ಜೆಗೂ ಹಾಕ್ ಕೀಲು ಮಡಚಿ ಹೊಲಿಗೆಯನ್ನು ಜಗ್ಗುತ್ತದೆ. ತಂತಿ ಚರ್ಮವನ್ನು ಚಾಕುವಿನಂತೆ ನೀಟಾಗಿ ಕೊಯ್ಯುವುದಿಲ್ಲ, ಜಜ್ಜಿ ಸೀಳುತ್ತದೆ, ಆದ್ದರಿಂದ ಅಂಚಿನ ರಕ್ತನಾಳಗಳು ಮೊದಲೇ ಸತ್ತಿರುತ್ತವೆ. ಜೊತೆಗೆ ಒಂದು ರಾತ್ರಿ ಕಳೆದಿತ್ತು, ಎರೆಮಣ್ಣು ಮೆತ್ತಿತ್ತು. ಇಷ್ಟಿದ್ದೂ ಹೊಲಿದದ್ದು ವ್ಯರ್ಥವಾಗಲಿಲ್ಲ. ಬಿಡುವ ತನಕ ನಿಮ್ಮ ಕುದುರೆಯದೇ ಚರ್ಮ ಎಲುಬಿನ ಮೇಲೆ ಹೊದಿಕೆಯಾಗಿ ನಿಂತು ಎಲುಬು ಒಣಗದಂತೆ ಕಾಯ್ದಿದೆ.

ಗಾಯ ದೊಡ್ಡದಾದದ್ದೂ ನಿಮ್ಮ ಆರೈಕೆಯ ದೋಷವಲ್ಲ. ಕುದುರೆಯ ಕಾಲಿನ ಗಾಯದ ಅಂಚುಗಳು ಮೊದಲ ಹತ್ತು ಹದಿನೈದು ದಿನ ಹಿಂದಕ್ಕೆ ಸರಿಯುತ್ತವೆ. ಆ ಬಳಿಕ ಎರಡು ಕೆಲಸ ನಡೆಯಬೇಕು. ಒಂದು, ಗಾಯದ ತಳ ಸಂಕುಚಿಸಿ ಸುತ್ತಲಿನ ಒಳ್ಳೆಯ ಚರ್ಮವನ್ನು ಒಳಕ್ಕೆ ಎಳೆದುಕೊಳ್ಳುವುದು. ಇನ್ನೊಂದು, ಅಂಚಿನಿಂದ ತೆಳುವಾದ ಹೊಸ ಚರ್ಮ ಮಾಂಸದ ಮೇಲೆ ಹರಿದು ಬರುವುದು. ಕಲೆ ಸಣ್ಣದಾಗುವುದು ಮೊದಲನೆಯದರಿಂದ, ಏಕೆಂದರೆ ಎಳೆದು ಬಂದ ಚರ್ಮಕ್ಕೆ ಕೂದಲಿರುತ್ತದೆ. ಎರಡನೆಯದರಿಂದ ಬಂದದ್ದು ಕೂದಲಿಲ್ಲದ, ನುಣುಪಾದ, ಬೇಗ ತರಚಿಕೊಳ್ಳುವ ಪದರ. ಕುದುರೆಯ ಎದೆ, ತೊಡೆ, ಬೆನ್ನಿನ ಮೇಲೆ ಸಂಕೋಚನ ಎಷ್ಟು ಚೆನ್ನಾಗಿ ನಡೆಯುತ್ತದೆಂದರೆ ಅಂಗೈ ಅಗಲದ ಗಾಯವೂ ಕೊನೆಗೆ ಒಂದು ಗೆರೆಯಾಗಿ ಉಳಿದದ್ದನ್ನು ನೋಡಿದ್ದೇನೆ. ಮಂಡಿ ಮತ್ತು ಹಾಕ್‌ನಿಂದ ಕೆಳಗೆ ಆ ಭಾಗ್ಯವಿಲ್ಲ. ಅಲ್ಲಿ ಸಂಕೋಚನ ದುರ್ಬಲ, ಬೇಗ ನಿಂತುಹೋಗುತ್ತದೆ. ಹೊಸ ಚರ್ಮದ ವೇಗವೂ ಕಡಿಮೆ: ಮೈಮೇಲೆ ದಿನಕ್ಕೆ ಸುಮಾರು 0.2 ಮಿಲಿಮೀಟರ್ ಇದ್ದರೆ ಕೆಳಗಾಲಿನಲ್ಲಿ 0.1 ಮಿಲಿಮೀಟರಿಗೂ ತುಸು ಕಡಿಮೆ. ಲೆಕ್ಕ ಹಾಕಿ ನೋಡಿ. ನಾಲ್ಕು ಬೆರಳು ಎಂದರೆ ಸುಮಾರು 6 ಸೆಂಟಿಮೀಟರ್ ಎಂದುಕೊಂಡರೆ, ಎರಡೂ ಕಡೆಯಿಂದ 3 ಸೆಂಟಿಮೀಟರ್ ಬರಬೇಕು. ಬರೀ ಹೊಸ ಚರ್ಮವನ್ನೇ ನಂಬಿದರೆ ಮುನ್ನೂರು ದಿನಕ್ಕೂ ಹೆಚ್ಚು. ಆದ್ದರಿಂದ ಸಂಕೋಚನಕ್ಕೆ ಅಡ್ಡ ಬರುವ ಪ್ರತಿಯೊಂದನ್ನೂ ದಾರಿಯಿಂದ ತೆಗೆಯುವುದೇ ನಮ್ಮ ಕೆಲಸ.

ಆ ಅಡ್ಡಿಗಳಲ್ಲಿ ದೊಡ್ಡದು ದುರ್ಮಾಂಸ, ಅಂದರೆ ಚರ್ಮದ ಮಟ್ಟ ಮೀರಿ ಉಬ್ಬಿದ ಕೆಂಪು ಮಾಂಸ. ಗಾಯದ ಗುಂಡಿಯನ್ನು ತುಂಬಲು ಬರುವ ಕೆಂಪು ಮಾಂಸ ಒಳ್ಳೆಯದೇ, ಅದಿಲ್ಲದೆ ಗಾಯ ಮಾಯುವುದಿಲ್ಲ. ಸೋಂಕನ್ನು ತಡೆಯುವ ಶಕ್ತಿಯೂ ಅದಕ್ಕಿದೆ. ಕುದುರೆಯ ಕಾಲಿನಲ್ಲಿ ತೊಂದರೆ ಏನೆಂದರೆ ತುಂಬಿದ ಮೇಲೂ ಅದು ನಿಲ್ಲುವುದಿಲ್ಲ. ಕಾಲಿನ ಗಾಯದಲ್ಲಿ ಉರಿಯೂತ ಜೋರಾಗಿ ಎದ್ದು ಬೇಗ ಇಳಿಯುವ ಬದಲು ಸಣ್ಣಗೆ, ದೀರ್ಘಕಾಲ ಉಳಿಯುತ್ತದೆ. ಆ ಸಣ್ಣ ಉರಿಯೇ ಮಾಂಸ ಕಟ್ಟುವ ಕೋಶಗಳಿಗೆ ಮುಂದುವರಿಯಿರಿ ಎಂದು ಹೇಳುತ್ತಲೇ ಇರುತ್ತದೆ. ಹಾಗೆ ಕಟ್ಟುವುದರಲ್ಲೇ ತೊಡಗಿದ ಕೋಶಗಳು ಸಂಕುಚಿಸುವ ಕೆಲಸಕ್ಕೆ ತಿರುಗುವುದಿಲ್ಲ. ಅತ್ತ ಅಂಚಿನ ಹೊಸ ಚರ್ಮಕ್ಕೆ ಮಾಂಸದ ಗುಡ್ಡ ಹತ್ತಲು ಆಗುವುದಿಲ್ಲ. ಹೀಗೆ ಎರಡೂ ಕೆಲಸ ನಿಂತುಹೋಗುತ್ತವೆ.

ಕುರುಬರ ತಟ್ಟು ಬೂದಿಯಿಂದ ಮಾಯ್ದದ್ದಕ್ಕೆ ಕಾರಣ ಇಲ್ಲೇ ಇದೆ. ಸಣ್ಣ ಜಾತಿಯ ತಟ್ಟುಗಳಲ್ಲಿ ಮೊದಲ ಉರಿಯೂತ ಚುರುಕಾಗಿ ಎದ್ದು ಇಳಿಯುತ್ತದೆ, ಸಂಕೋಚನವೂ ಚೆನ್ನಾಗಿರುತ್ತದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಕುದುರೆ ಮತ್ತು ತಟ್ಟುಗಳ ಗಾಯಗಳನ್ನು ಅಕ್ಕಪಕ್ಕದಲ್ಲಿಟ್ಟು ಅಧ್ಯಯನ ಮಾಡಿ ಇದನ್ನು ತೋರಿಸಿದ್ದಾರೆ. ಕುರಿ ಹಿಂಡಿನ ಜೊತೆ ಗಂಟುಮೂಟೆ ಹೊತ್ತು ಊರೂರು ತಿರುಗುವ ತಟ್ಟು ನಿಮ್ಮ ಎತ್ತರದ ಮೆರವಣಿಗೆ ಕುದುರೆಗಿಂತ ಬೇಗ ಮಾಯುವುದು ಅದರ ಹುಟ್ಟುಗುಣ. ಎತ್ತಿನ ಕಾಲೂ ಹಾಗೆಯೇ, ಕುದುರೆಯಷ್ಟು ದುರ್ಮಾಂಸ ಅದರಲ್ಲಿ ಬರುವುದಿಲ್ಲ. ಎತ್ತಿಗೆ ಕೆಲಸ ಮಾಡಿದ ಮದ್ದು ಕುದುರೆಗೂ ಕೆಲಸ ಮಾಡುತ್ತದೆ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಬಹಳ ಕುದುರೆಗಳ ಕಾಲು ಕೆಡಿಸಿದೆ.

ಈಗ ಆ ಮದ್ದುಗಳು. ಮೈಲುತುತ್ತ, ಸುಣ್ಣ, ಕಾಯಿಸಿದ ಕಬ್ಬಿಣ ಇವೆಲ್ಲ ಮಾಂಸವನ್ನು ಸುಡುತ್ತವೆ ಎನ್ನುವುದು ನಿಜ, ಅದಕ್ಕೇ ಈ ಪದ್ಧತಿ ಇಷ್ಟು ಕಾಲ ಉಳಿದಿದೆ. ಹಚ್ಚಿದ ವಾರದಲ್ಲಿ ಉಬ್ಬು ಇಳಿಯುತ್ತದೆ, ಹಿರಿಯರ ಮಾತು ಸರಿ ಎನಿಸುತ್ತದೆ. ಆದರೆ ಸುಡುವ ಪದಾರ್ಥಕ್ಕೆ ದುರ್ಮಾಂಸ ಯಾವುದು, ದಿನಕ್ಕೆ ಕೂದಲೆಳೆಯಷ್ಟು ಮುಂದೆ ಬರುತ್ತಿರುವ ಹೊಸ ಚರ್ಮ ಯಾವುದು ಎಂದು ಗೊತ್ತಾಗುವುದಿಲ್ಲ. ಅಂಚು ಸತ್ತು ಗಾಯ ಮತ್ತೆ ಹಿಗ್ಗುತ್ತದೆ. ಸುಟ್ಟದ್ದರಿಂದ ಹೊಸ ಉರಿಯೂತ ಹುಟ್ಟಿ ದುರ್ಮಾಂಸ ಎರಡನೆಯ ಸಲ ಇನ್ನೂ ಹುರುಪಿನಿಂದ ಬರುತ್ತದೆ. ನಾನು ಕಂಡ ಅತಿ ಕೆಟ್ಟ ಕಲೆಗಳು ಮುಳ್ಳುತಂತಿ ಮಾಡಿದವಲ್ಲ, ಮೈಲುತುತ್ತ ಮಾಡಿದವು. ಹಳೆಯ ಆಯಿಲ್‌ಗೆ ನೊಣ ಓಡಿಸುವ ಗುಣ ಬಿಟ್ಟರೆ ಬೇರೆ ಪ್ರಯೋಜನವಿಲ್ಲ. ಅದರಲ್ಲಿರುವ ಲೋಹದ ಪುಡಿ, ಕಸ ಗಾಯದೊಳಗೆ ಕೂರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದರಿಂದ ಸ್ವಚ್ಛವಾದಂತೆ ಕಾಣುತ್ತದೆ, ಆದರೆ ರೋಗಾಣುವಿನ ಜೊತೆ ಗಾಯ ಕಟ್ಟುವ ಕೋಶಗಳನ್ನೂ ಕೊಲ್ಲುತ್ತದೆ. ನೀರು ಬೆರೆಸದ ಡೆಟಾಲ್, ಫಿನಾಯಿಲ್ ಬಗ್ಗೆ ಹೇಳಬೇಕಾಗಿಲ್ಲ.

ಅರಿಶಿನದ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅದರಲ್ಲಿ ಉರಿಯೂತ ತಗ್ಗಿಸುವ ಗುಣ ಇರುವುದು ನಿಜ. ಆದರೆ ಡಬ್ಬಿಯ ಅರಿಶಿನ ಪುಡಿ ರೋಗಾಣುಮುಕ್ತವಲ್ಲ, ತೆರೆದ ಗಾಯದ ಮೇಲೆ ಹೆಪ್ಪುಗಟ್ಟಿ ಕೆಳಗೆ ಕೀವು ಮುಚ್ಚಿಡುತ್ತದೆ, ಗಾಯದ ನಿಜವಾದ ಬಣ್ಣವೂ ಕಾಣದಂತೆ ಮಾಡುತ್ತದೆ. ಜೇನುತುಪ್ಪಕ್ಕೆ ಆಧಾರವಿದೆ. ಕುದುರೆಯ ಕಾಲಿನ ಗಾಯದ ಮೇಲೆ ಜೇನಿನ ಪ್ರಯೋಗಗಳು ನಡೆದಿವೆ, ಮೊದಲ ಎರಡು ಮೂರು ವಾರ ಅಂಚು ಹಿಂದಕ್ಕೆ ಸರಿಯುವುದನ್ನು ಅದು ಕಡಿಮೆ ಮಾಡುತ್ತದೆ. ಅಲ್ಲಿ ಬಳಸಿದ್ದು ಗಾಯಕ್ಕೆಂದೇ ಸೋಂಕು ನಿವಾರಿಸಿ ಕೊಡುವ ಜೇನು. ಬಾಟಲಿಯಲ್ಲಿ ಮಾರುವ ಊಟದ ಜೇನಿನಲ್ಲಿ ರೋಗಾಣುವಿನ ಬೀಜಕಣಗಳು ಇರಬಹುದು, ಬೆಲ್ಲದ ಪಾಕ ಬೆರೆತಿರಲೂಬಹುದು. ನಿಮ್ಮ ಕುದುರೆಗೆ ಜೇನಿನ ಹೊತ್ತು ಹೆಚ್ಚುಕಡಿಮೆ ಮುಗಿದಿದೆ, ಮಾಂಸ ತುಂಬಿ ಉಬ್ಬಿದ ಮೇಲೆ ಅದರ ಉಪಯೋಗ ಅಷ್ಟಕ್ಕಷ್ಟೆ.

ಹಾಗಾದರೆ ಏನು ಮಾಡಬೇಕು? ಉಬ್ಬಿದ ಮಾಂಸವನ್ನು ಪಶುವೈದ್ಯರಿಂದ ಕೊಯ್ಯಿಸಿ ಚರ್ಮದ ಮಟ್ಟಕ್ಕೆ, ಬೇಕಿದ್ದರೆ ತುಸು ಕೆಳಕ್ಕೆ ತರಿಸಿ. ಕೇಳಲು ಭಯವಾಗುತ್ತದೆ, ಆದರೆ ದುರ್ಮಾಂಸದಲ್ಲಿ ನರಗಳಿಲ್ಲ, ಕೊಯ್ದರೆ ಕುದುರೆಗೆ ನೋವಾಗುವುದಿಲ್ಲ. ಮಂಪರು ಮದ್ದು ಕೊಟ್ಟು ನಿಲ್ಲಿಸಿಕೊಂಡೇ ಮಾಡಬಹುದು. ರಕ್ತ ಮಾತ್ರ ಧಾರಾಳವಾಗಿ ಸುರಿಯುತ್ತದೆ, ಅದಕ್ಕೇ ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತಾರೆ ಮತ್ತು ಮುಗಿದ ತಕ್ಷಣ ಬಿಗಿಯಾದ ಪಟ್ಟಿ ಕಟ್ಟುತ್ತಾರೆ. ಮನೆಯಲ್ಲಿ ಬ್ಲೇಡು ಹಿಡಿಯುವ ಸಾಹಸ ಬೇಡ. ನೋವಿಲ್ಲವೆಂದು ಹೇಳಿದ್ದು ಮಾಂಸಕ್ಕೆ ಮಾತ್ರ, ಅಂಚಿನ ಚರ್ಮಕ್ಕೆ ಪೂರ್ಣ ನೋವಿರುತ್ತದೆ. ಆ ಅಂಚಿನಲ್ಲಿ ಕಾಣುವ ತೆಳು ಗುಲಾಬಿ ಪಟ್ಟಿಯೇ ನಿಮ್ಮ ಹೊಸ ಚರ್ಮ, ಅದನ್ನು ಕೊಯ್ದರೆ ವಾರಗಳ ಗಳಿಕೆ ಹೋಯಿತು. ಒಂದು ಸಲ ಕೊಯ್ದರೆ ಮುಗಿಯಿತು ಎಂದೂ ತಿಳಿಯಬೇಡಿ. ಮತ್ತೆ ಬರಬಹುದು, ಮತ್ತೆ ತೆಗೆಯಬೇಕಾಗಬಹುದು.

ಎರಡನೆಯ ದಾರಿ ಸ್ಟೀರಾಯ್ಡ್ ಮುಲಾಮು. ಮಾಂಸ ಉಬ್ಬಲು ಶುರುವಾದ ಹೊತ್ತಿನಲ್ಲಿ, ಸೋಂಕಿಲ್ಲದ ಗಾಯಕ್ಕೆ, ಒಂದೆರಡು ಸಲ ಹಚ್ಚಿದರೆ ಬೆಳವಣಿಗೆಗೆ ಲಗಾಮು ಬೀಳುತ್ತದೆ. ಅದಕ್ಕಿಂತ ಹೆಚ್ಚು ಹಚ್ಚಿದರೆ ಹೊಸ ಚರ್ಮ, ಸಂಕೋಚನ ಎರಡೂ ನಿಧಾನವಾಗುತ್ತವೆ. ಅಪಾಯ ಇಲ್ಲಿಯೇ. ಔಷಧಿ ಅಂಗಡಿಯಲ್ಲಿ ಮನುಷ್ಯರ ತುರಿಕೆಗೆಂದು ಚೀಟಿಯಿಲ್ಲದೆ ಕೊಡುವ ಹಲವು ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ದಿನಾ ಎರಡು ಹೊತ್ತು ತಿಂಗಳುಗಟ್ಟಲೆ ಅದನ್ನು ಹಚ್ಚಿ, ಗಾಯ ನಿಂತಲ್ಲೇ ನಿಂತ ಕುದುರೆಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ. ನಿಮ್ಮದು ಈಗಾಗಲೇ ಚೆನ್ನಾಗಿ ಉಬ್ಬಿರುವುದರಿಂದ ಮೊದಲು ಕೊಯ್ಯುವುದು, ಬೇಕಾದರೆ ಆಮೇಲೆ ವೈದ್ಯರ ಕೈಯಿಂದಲೇ ಒಂದು ಸಲ ಸ್ಟೀರಾಯ್ಡ್. ನನ್ನ ಆಯ್ಕೆ ಈ ಕ್ರಮ.

ಪಟ್ಟಿಯ ವಿಚಾರ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಕೆಡುವುದು ಇಲ್ಲೇ. ಪಟ್ಟಿ ಕಟ್ಟಿದರೆ ಗಾಯ ಒಣಗುವುದಿಲ್ಲ, ನೊಣ ಕೂರುವುದಿಲ್ಲ, ಕೀಲಿನ ಚಲನೆ ತಗ್ಗುತ್ತದೆ. ಆದರೆ ಬೆಚ್ಚಗೆ ಒದ್ದೆಯಾಗಿ ಮುಚ್ಚಿಟ್ಟ ಗಾಯದಲ್ಲಿ ದುರ್ಮಾಂಸ ಬೆಳೆಯುವ ಪ್ರವೃತ್ತಿ ಹೆಚ್ಚು. ಬಿಟ್ಟರೆ ಒಂದು ತೊಂದರೆ, ಕಟ್ಟಿದರೆ ಇನ್ನೊಂದು. ಗಾಯ ಮೈಮೇಲಿದ್ದಿದ್ದರೆ ತೆರೆದು ಬಿಡಿ ಎನ್ನುತ್ತಿದ್ದೆ. ಶ್ರಾವಣದ ಕೆಸರು, ನೊಣದ ನಡುವೆ ಹಾಕ್‌ನ ಕೆಳಗಿನ ಗಾಯವನ್ನು ತೆರೆದು ಬಿಡಲು ನನಗೆ ಧೈರ್ಯ ಬರುವುದಿಲ್ಲ. ಕಟ್ಟಿ, ಆದರೆ ಎರಡು ಮೂರು ದಿನಕ್ಕೊಮ್ಮೆ ಬಿಚ್ಚಿ ಮಾಂಸದ ಮಟ್ಟ ನೋಡಿ. ಗಾಯಕ್ಕೆ ತಾಗುವ ಪದರ ಅಂಟಿಕೊಳ್ಳದಂಥದ್ದಾಗಿರಬೇಕು. ಅಂಟಿದ ಹತ್ತಿಬಟ್ಟೆಯನ್ನು ಕೀಳುವಾಗ ಹೊಸ ಚರ್ಮವೂ ಕಿತ್ತು ಬರುತ್ತದೆ. ಜಿಡ್ಡು ಸವರಿದ ಜಾಳು ಬಟ್ಟೆ, ಪ್ಯಾರಾಫಿನ್ ಗಾಜ್, ದೊಡ್ಡ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಹುಬ್ಬಳ್ಳಿಯಿಂದ ಸಿಲಿಕೋನ್ ಹಾಳೆ ತರಿಸಿಕೊಳ್ಳುವಷ್ಟು ಖರ್ಚು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು, ದುರ್ಮಾಂಸವನ್ನು ಹದ್ದುಬಸ್ತಿನಲ್ಲಿಡುವ ಗುಣ ಅದಕ್ಕಿದೆ. ಅದರ ಮೇಲೆ ದಪ್ಪಗೆ ಹತ್ತಿ, ಅದರ ಮೇಲೆ ಪಟ್ಟಿ. ಹತ್ತಿ ತೆಳುವಾಗಿದ್ದು ಪಟ್ಟಿ ಬಿಗಿಯಾದರೆ ಕಾಲಿನ ಹಿಂದಿನ ಸ್ನಾಯುರಜ್ಜು ಒತ್ತಿಕೊಂಡು ಹಾಳಾಗುತ್ತದೆ, ಅದು ಚರ್ಮದ ಕಲೆಗಿಂತ ದೊಡ್ಡ ನಷ್ಟ. ಹಾಕ್‌ನ ಹಿಂದಿನ ಚೂಪು ಎಲುಬಿನ ಮೇಲೆ ಒತ್ತಡ ಬೀಳದಂತೆ ನೋಡಿಕೊಳ್ಳಿ. ಪ್ಲಾಸ್ಟಿಕ್ ಚೀಲ, ಸೈಕಲ್ ಟ್ಯೂಬ್ ಸುತ್ತುವುದು ಬೇಡ. ಪಟ್ಟಿ ನೆನೆದರೆ, ವಾಸನೆ ಬಂದರೆ, ಕೆಳಗೆ ಕಾಲು ಬಾತರೆ, ಅಥವಾ ಕುದುರೆ ಇದ್ದಕ್ಕಿದ್ದಂತೆ ಅದನ್ನು ಕಚ್ಚಲು ಶುರುಮಾಡಿದರೆ ದಿನ ನೋಡದೆ ಬಿಚ್ಚಿ.

ಕಚ್ಚುವುದನ್ನು ಬಿಡಿಸಲು ಪಟ್ಟಿಯ ಮೇಲೆ ಖಾರದ ಪುಡಿ ಸವರುವ ರೂಢಿ ನಿಮ್ಮ ಕಡೆ ಇದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಕುದುರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗುಂಟೂರಿನದು ಹಚ್ಚಿದರೆ ಬೆವರಿನ ಜೊತೆ ಇಳಿದು ಗಾಯ ಉರಿಯುತ್ತದೆ. ಎರಡೂ ಬೇಡ, ತಲೆಯನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿ.

ತೊಳೆಯುವುದಕ್ಕೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸಪಾಟಾಗಿ ಸುಮಾರು ಒಂದೂವರೆ ಟೀ ಚಮಚ, ಸಾಕು. ಕೊಳೆ ಇದ್ದರೆ ಮಾತ್ರ ಪೊವಿಡೋನ್ ಅಯೋಡಿನ್ ಬಳಸಿ: 5 ಪ್ರತಿಶತದ ದ್ರಾವಣವಾದರೆ ಲೀಟರ್ ನೀರಿಗೆ 20 ಮಿಲಿಲೀಟರ್, 10 ಪ್ರತಿಶತದ್ದಾದರೆ 10 ಮಿಲಿಲೀಟರ್. ಗಾಢವಾದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ತಪ್ಪು. ಬಾಟಲಿಯ ಮೇಲೆ ಸ್ಕ್ರಬ್ ಎಂದಿದ್ದರೆ ಅದರಲ್ಲಿ ಸೋಪು ಇರುತ್ತದೆ, ಗಾಯದೊಳಗೆ ಹಾಕಬೇಡಿ. ದಿನಾ ಪೈಪಿನಿಂದ ನೀರು ಬಿಡುವುದನ್ನು ಇನ್ನು ನಿಲ್ಲಿಸಿ, ಆ ಹಂತ ದಾಟಿದೆ. ಬೇವಿನ ಎಣ್ಣೆಯನ್ನು ನೊಣಕ್ಕೆಂದು ಪಟ್ಟಿಯ ಸುತ್ತ ಕೂದಲಿನ ಮೇಲೆ ಸವರಬಹುದು, ಗಾಯಕ್ಕೆ ಬೇಡ. ಮಾಂಸ ತುಂಬಿದ ಗಾಯಕ್ಕೆ ಆ್ಯಂಟಿಬಯೋಟಿಕ್ ಚುಚ್ಚುಮದ್ದು ಮುಂದುವರಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ನೋವಿಗೆಂದು ಯಾರಾದರೂ ಡೈಕ್ಲೊಫೆನಾಕ್ ಕೊಡಲು ಬಂದರೆ ಬೇಡ ಎನ್ನಿ. ರಣಹದ್ದುಗಳ ಸಾವಿಗೆ ಕಾರಣವೆಂದು ಪ್ರಾಣಿಗಳಿಗೆ ಅದರ ಬಳಕೆಯನ್ನು 2006ರಲ್ಲೇ ನಿಷೇಧಿಸಲಾಗಿದೆ.

ನಿಮ್ಮ ಮನೆಯಲ್ಲಿ ಹಿಂಗಾಲಿಗೆ ಹಗ್ಗ ಹಾಕಿ ಗೂಟಕ್ಕೆ ಕಟ್ಟುತ್ತೀರಾ? ಹಾಗಿದ್ದರೆ ಅದನ್ನು ಬಿಚ್ಚಿ. ಹಗ್ಗ ಗಾಯಕ್ಕೆ ತಾಗದಿದ್ದರೂ ಜಗ್ಗಿದಾಗಲೆಲ್ಲ ಹಾಕ್ ಮಡಚುತ್ತದೆ. ಒಣ ನೆಲದ, ಗಟ್ಟಿ ಕಟ್ಟೆಯಿಲ್ಲದ ಲಾಯದಲ್ಲಿ ಆರು ವಾರ ನಿಲ್ಲಿಸಿ. ನಿಂತ ಕುದುರೆಗೆ ದುಡಿಯುವ ಕುದುರೆಯ ಹುರುಳಿ, ಕಡಲೆ ಬೇಡ. ಕಾಳು ಅರ್ಧಕ್ಕೆ ಇಳಿಸಿ ಹುಲ್ಲು ಹೆಚ್ಚಿಸಿ, ಇಲ್ಲವಾದರೆ ಹೊಟ್ಟೆಶೂಲೆ ಅಥವಾ ಗೊರಸಿನ ಉರಿಯೂತ ತಂದುಕೊಳ್ಳುತ್ತೀರಿ.

ಇಷ್ಟು ಮಾಡಿಯೂ ಗಾಯ ಕುಗ್ಗದಿದ್ದರೆ ಚರ್ಮ ನಾಟಿ ಇದೆ. ಮೆಣಸಿನ ಸಸಿಯನ್ನು ಮಡಿಯಿಂದ ಕಿತ್ತು ಹೊಲದಲ್ಲಿ ಊರಿದಂತೆ, ಕುತ್ತಿಗೆಯ ಬದಿಯಿಂದ ಚರ್ಮದ ಸಣ್ಣ ಸಣ್ಣ ತುಣುಕು ತೆಗೆದು ಗಾಯದ ಮಾಂಸದಲ್ಲಿ ಸಾಲಾಗಿ ಊರುತ್ತಾರೆ. ಸ್ಥಳೀಯ ಅರಿವಳಿಕೆ ಸಾಕು, ಕುದುರೆಯನ್ನು ಮಲಗಿಸಬೇಕಾಗಿಲ್ಲ. ಒಂದೊಂದು ತುಣುಕೂ ಸುತ್ತ ಚರ್ಮ ಹರಡುವುದರಿಂದ ತಿಂಗಳುಗಳು ಉಳಿಯುತ್ತವೆ. ಮಾಂಸ ಸಪಾಟಾಗಿ, ಗುಲಾಬಿ ಬಣ್ಣದಲ್ಲಿ, ಕೀವಿಲ್ಲದೆ ಇರಬೇಕು, ಇಲ್ಲವಾದರೆ ನಾಟಿ ಹಿಡಿಯುವುದಿಲ್ಲ. ಎಲ್ಲವೂ ಹಿಡಿಯುವುದೂ ಇಲ್ಲ. ನಿಮ್ಮ ಕುದುರೆಗೆ ಇನ್ನೊಂದು ವಿಚಿತ್ರ ತೊಡಕಿದೆ. ನಾಟಿ ಮಾಡಿದ ಚರ್ಮ ತನ್ನ ಮೂಲದ ಬಣ್ಣವನ್ನೇ ಉಳಿಸಿಕೊಳ್ಳುತ್ತದೆ. ಕುತ್ತಿಗೆಯ ಕಂದು ಚರ್ಮ ಊರಿದರೆ ಬಿಳಿ ಕಾಲಿನ ಮೇಲೆ ಕಂದು ಕೂದಲಿನ ಚುಕ್ಕಿಗಳ ಗುಂಪು ಬೆಳೆಯುತ್ತದೆ. ಮೈಯೆಲ್ಲ ಕಂದಾದ ಕುದುರೆಗೆ ನಾನು ನಾಟಿಯನ್ನು ಬೇಗ ಸೂಚಿಸುತ್ತಿದ್ದೆ. ಪಂಚಕಲ್ಯಾಣಿಗೆ ಕೂದಲಿಲ್ಲದ ಸಣ್ಣ ಕಲೆಯೇ ಕಣ್ಣಿಗೆ ಕಡಿಮೆ ಬೀಳುತ್ತದೆ. ಗಾಯದ ಅಂಚಿನಲ್ಲಿ ಬಣ್ಣ ಕೊಡುವ ಕೋಶಗಳು ಸತ್ತು ಬಿಳಿ ಕೂದಲು ಬರುವುದು ಕಂದು ಕುದುರೆಗೆ ದೊಡ್ಡ ಗೋಳು. ನಿಮಗೆ ಅದು ಸಮಸ್ಯೆಯೇ ಅಲ್ಲ, ಅಲ್ಲಿ ಇದ್ದದ್ದೇ ಬಿಳಿ. ಆದ್ದರಿಂದ ಎರಡು ತಿಂಗಳು ಪಟ್ಟಿಯನ್ನೇ ನಂಬಿ ನೋಡಿ, ಆಮೇಲೂ ಎರಡು ಬೆರಳಿಗಿಂತ ಅಗಲ ಉಳಿದರೆ ನಾಟಿಯ ಮಾತು ಎತ್ತೋಣ.

ಕೆಲವು ಗಾಯಗಳು ಸರಿಯಾದ ಆರೈಕೆಗೂ ಬಗ್ಗುವುದಿಲ್ಲ, ಅದಕ್ಕೆ ಒಳಗೆ ಬೇರೆ ಕಾರಣ ಇರುತ್ತದೆ. ಒಂದೇ ತೂತಿನಿಂದ ಕೀವು ಜಿನುಗುತ್ತಿದ್ದರೆ ಒಣಗಿ ಸತ್ತ ಎಲುಬಿನ ಚೂರು ಇರಬಹುದು, ಮೂರು ನಾಲ್ಕು ವಾರದ ಬಳಿಕ ಎಕ್ಸ್‌ರೇಯಲ್ಲಿ ಕಾಣುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಒಳಗೆ ಮುರಿದು ಉಳಿದಿರುವುದೂ ಉಂಟು, ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಬೇಕು. ಮಾಂಸದಲ್ಲಿ ಅಕ್ಕಿನುಚ್ಚಿನಂಥ ಹಳದಿ ಗಟ್ಟಿ ಕಾಳು ಸಿಕ್ಕರೆ ನೊಣ ತಂದುಬಿಟ್ಟ ಜಂತುಹುಳುವಿನ ಮರಿಗಳು, ಅದಕ್ಕೆ ಐವರ್‌ಮೆಕ್ಟಿನ್ ಬೇಕು. ದುರ್ಮಾಂಸದಂತೆ ಕಂಡು ಎಷ್ಟು ಕೊಯ್ದರೂ ಬರುತ್ತಿದ್ದರೆ ಸಾರ್ಕಾಯ್ಡ್ ಎಂಬ ಚರ್ಮದ ಗಡ್ಡೆಯ ಶಂಕೆ ಬರಬೇಕು, ತುಣುಕನ್ನು ಪ್ರಯೋಗಾಲಯಕ್ಕೆ ಕಳಿಸದೆ ಮೂರನೆಯ ಸಲ ಕೊಯ್ಯಿಸಬೇಡಿ. ಕಾಲಿನ ಒಳಬದಿಯಲ್ಲಿ ಸಾಲಾಗಿ ಗಂಟುಗಳೆದ್ದು ಒಡೆದು ಜೇನಿನಂಥ ಕೀವು ಸುರಿದರೆ, ಮೂಗಿನಿಂದಲೂ ಸೋರಿದರೆ, ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಿ. ಅದು ಗ್ಲ್ಯಾಂಡರ್ಸ್ ಇರಬಹುದು, ಮನುಷ್ಯರಿಗೂ ಹರಡುತ್ತದೆ, ವರದಿ ಮಾಡುವುದು ಕಾನೂನಿನಂತೆ ಕಡ್ಡಾಯ. ನಿಮ್ಮ ವಿವರಣೆಯಲ್ಲಿ ಅಂಥದ್ದೇನೂ ಕಾಣುತ್ತಿಲ್ಲ.

ತುಳಸಿ ಲಗ್ನದ ಹೊತ್ತಿಗೆ ಮಾಯುವುದೇ ಎಂದು ಕೇಳಿದ್ದೀರಿ. ಸುಮಾರು ಮೂರು ತಿಂಗಳಿದೆ. ದುರ್ಮಾಂಸ ಹದ್ದುಬಸ್ತಿನಲ್ಲಿದ್ದರೆ ಗಾಯ ಬಹಳಷ್ಟು ಕುಗ್ಗಿರುತ್ತದೆ, ಪೂರ್ತಿ ಮುಚ್ಚಿರುತ್ತದೆ ಎಂದು ನಾನು ಮಾತು ಕೊಡಲಾರೆ. ಮೊದಲ ಲಗ್ನಗಳ ಮುಂಗಡ ತೆಗೆದುಕೊಳ್ಳಬೇಡಿ. ಮುಚ್ಚಿದ ಮೇಲೂ ಆ ಚರ್ಮ ಕಾಗದದಷ್ಟು ತೆಳು. ಮೆರವಣಿಗೆಯಲ್ಲಿ ಕಾಲಿಗೆ ಕಟ್ಟುವ ಗೆಜ್ಜೆಪಟ್ಟಿ, ಜರಿಪಟ್ಟಿ ಒಂದೇ ರಾತ್ರಿಯ ಕುಣಿತದಲ್ಲಿ ಅದನ್ನು ಉಜ್ಜಿ ತೆಗೆಯಬಲ್ಲದು. ಈ ವರ್ಷ ಆ ಕಾಲಿಗೆ ಅಲಂಕಾರ ಬೇಡ, ಅಥವಾ ನಾಲ್ಕೂ ಕಾಲಿಗೆ ಬೇಡ, ಸರಿಸಮ ಕಾಣುತ್ತದೆ. ಕಲೆ ಮುಚ್ಚಲು ಕೂದಲಿನ ಬಣ್ಣ, ಮೆಹಂದಿ ಹಚ್ಚುವವರಿದ್ದಾರೆ. ಹೊಸ ಚರ್ಮದ ಮೇಲೆ ಅದು ಸುಟ್ಟ ಗಾಯ ಮಾಡಬಹುದು. ಬಿಳಿ ಕೂದಲಿನ ಕೆಳಗಿನ ಚರ್ಮ ಗುಲಾಬಿ, ಅದರ ಮೇಲಿನ ಬೋಳು ಕಲೆ ಬಿಸಿಲಿಗೆ ಬೇಗ ಸುಡುತ್ತದೆ, ಬೇಸಿಗೆಯಲ್ಲಿ ನೆರಳಿಗೆ ಕಟ್ಟಿ. ಪೂರ್ತಿ ಮುಚ್ಚಿದ ಬಳಿಕ ದಿನಾ ಐದು ನಿಮಿಷ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಹಾಕಿ ಮೆಲ್ಲಗೆ ತೀಡಿದರೆ ಚರ್ಮ ಮೃದುವಾಗಿ ಬಿರುಕು ಬಿಡುವುದು ತಪ್ಪುತ್ತದೆ. ಅದು ಕೂದಲು ತರಿಸುವುದಿಲ್ಲ, ವಿಟಮಿನ್ ಕ್ಯಾಪ್ಸೂಲ್ ಒಡೆದು ಹಚ್ಚಿದರೂ ತರಿಸುವುದಿಲ್ಲ.

ತಂದೆಯವರ ಚಿಂತೆಗೆ: ಕುದುರೆ ಕೊಳ್ಳಲು ಬರುವವರು ಕೂದಲಿನ ಸುಳಿ ನೋಡುತ್ತಾರೆ, ಕಾಲು ನೋಡುತ್ತಾರೆ, ಕಲೆ ಕಂಡರೆ ಬೆಲೆ ಇಳಿಸಲು ಅದನ್ನು ಹಿಡಿದುಕೊಳ್ಳುತ್ತಾರೆ, ನಿಜ. ಅವರ ಮುಂದೆ ಕುದುರೆಯನ್ನು ಗಟ್ಟಿ ನೆಲದ ಮೇಲೆ ನೇರವಾಗಿ ಓಡಿಸಿ ತೋರಿಸಿ. ಕುಂಟದ ಕುದುರೆಯ ಕಾಲಿನ ಸಪಾಟು ಕಲೆ ಚೌಕಾಶಿಯ ಮಾತಾಗಿ ಉಳಿಯುತ್ತದೆ. ಉಬ್ಬಿದ ಗಂಟಾದರೆ ಆ ಕಾಲು ಇನ್ನೊಂದಕ್ಕೆ ತಾಗುತ್ತದೆ, ಪದೇ ಪದೇ ರಕ್ತ ಬರುತ್ತದೆ, ಆಗ ನಿಜವಾಗಿಯೂ ಬೆಲೆ ಬೀಳುತ್ತದೆ.

ಈ ವಾರವೇ ಹೊಲಿಗೆ ಹಾಕಿದ ಡಾಕ್ಟರರಲ್ಲಿಗೆ ಹೋಗಿ. ಮೂರು ಪ್ರಶ್ನೆ ಕೇಳಿ: ಧನುರ್ವಾಯು ಲಸಿಕೆ ಆಗಿದೆಯೇ, ಎಲುಬು ಚೆನ್ನಾಗಿದೆಯೇ, ಮಾಂಸವನ್ನು ಇಲ್ಲಿಯೇ ಕೊಯ್ಯಬಹುದೇ. ಅಲ್ಲಿ ಅನುಕೂಲ ಇಲ್ಲವಾದರೆ ಜಿಲ್ಲಾ ಪಶು ಪಾಲಿಕ್ಲಿನಿಕ್‌ಗೆ ಅಥವಾ ಗದಗದ ಪಶುವೈದ್ಯಕೀಯ ಕಾಲೇಜಿಗೆ ಚೀಟಿ ಬರೆಸಿಕೊಳ್ಳಿ, ಸವಣೂರಿನಿಂದ ಲಕ್ಷ್ಮೇಶ್ವರದ ಮೇಲೆ ದಾರಿ ಇದೆ. ಕುದುರೆ ಸಾಗಿಸಲು ಆಗದಿದ್ದರೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಪಟ್ಟಿ ಬಿಚ್ಚಿದಾಗಲೆಲ್ಲ ಗಾಯದ ಪಕ್ಕದಲ್ಲಿ ಮಕ್ಕಳ ಸ್ಕೇಲ್ ಹಿಡಿದು, ಒಂದೇ ದೂರದಿಂದ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಎರಡು ವಾರ ಅಗಲ ಕಡಿಮೆಯಾಗದಿದ್ದರೆ ಆ ಫೋಟೋಗಳನ್ನು ತೆಗೆದುಕೊಂಡು ಮತ್ತೆ ವೈದ್ಯರಲ್ಲಿಗೆ ಹೋಗಿ.